ಜರಡಿ ಹಿಡಿದ ಮರಳು

ಆಷಾಢ ಬಂತೆಂದರೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೆಗ್ಗನಹಳ್ಳಿಯ ಆಕಾಶ ಮಧ್ಯಾಹ್ನ ಒಂದಿಷ್ಟು ಬಿಸಿಲು ಬಿಡುತ್ತದೆ, ತಾರಸಿಯ ಮೇಲೆ ಹಪ್ಪಳ ಹರವುವಷ್ಟರಲ್ಲಿ ಮತ್ತೆ ಹನಿ. ಅರ್ಧ ಒಣಗಿದ ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ನನ್ನ ಅತ್ತೆ ಕಮಲಾಕ್ಷಮ್ಮ ಪ್ರತಿವರ್ಷ ಹಪ್ಪಳ ಲಟ್ಟಿಸುವ ಹೆಂಗಸರನ್ನು ಮನೆಗೆ ಕಳಿಸಿ, ಗೌರಿ ಹಬ್ಬದ ಹೊತ್ತಿಗೆ ಮತ್ತೆ ಕರೆಸುತ್ತಿದ್ದರು. ಈ ವರ್ಷ ಆ ಹೆಂಗಸರಲ್ಲೊಬ್ಬರಾದ ಅಂಜಮ್ಮ ಅದಕ್ಕೆ ಒಪ್ಪಲಿಲ್ಲ.

"ಗಾರ್ಮೆಂಟ್ಸ್‌ನಲ್ಲಿ ಕೆಲ್ಸ ಹೇಳವ್ರೆ, ಕಮಲಮ್ಮ. ಸೋಮವಾರ ಸೇರ್ಕೋತೀನಿ. ಮಳೆಗಾಲ ಬಂದಾಗೆಲ್ಲ ಮನೇಲಿ ಕೂತ್ಕೊಳ್ಳಕ್ಕಾಗಲ್ಲ."

ಅಂಜಮ್ಮ ಹೋದರೆ ನಮ್ಮ ಹಪ್ಪಳದ ಮನೆ ಮುಚ್ಚಿದ ಹಾಗೆಯೇ. ಹಿಟ್ಟಿನ ಹದ ಅವರ ಕೈಗೆ ಮಾತ್ರ ಗೊತ್ತು. ಉಳಿದ ಹೆಂಗಸರೂ ಅವರ ಹಿಂದೆಯೇ ಹೊರಡುತ್ತಾರೆ.

"ಸೋಮವಾರದೊಳಗೆ ಮಳೇಲೇ ಹಪ್ಪಳ ಒಣಗಿಸಿ ತೋರಿಸ್ತೀನಿ," ಎಂದೆ ನಾನು.

"ನಿನ್ನ ಹುಂಡಿ ನಂಬ್ಕೊಂಡಾ, ಶಿವಾನಿ?" ಎಂದರು ಅತ್ತೆ.

ಹುಂಡಿ ಎಂದರೆ ಹಿತ್ತಲಿನ ಶೆಡ್ಡಿನಲ್ಲಿ ನಾನು ಕಟ್ಟಿದ್ದ ಮರಳಿನ ಡ್ರಮ್ಮು. ಮೆಕ್ಯಾನಿಕಲ್ ಓದಿದ ಸೊಸೆ ಹಪ್ಪಳ ಲಟ್ಟಿಸುವುದರಲ್ಲಿ ದಂಡಪಿಂಡ, ಇದನ್ನಾದರೂ ಮಾಡಲಿ ಎಂದು ಅತ್ತೆ ಜಾಗ ಬಿಟ್ಟುಕೊಟ್ಟಿದ್ದರು. ಬಿಸಿಲು ಇಣುಕಿದಾಗೆಲ್ಲ ತಾರಸಿಯ ಸೋಲಾರ್ ಕರೆಂಟು ಡ್ರಮ್ಮಿನ ನಡುವಿನ ಹೀಟರಿಗೆ ಹೋಗುತ್ತದೆ. ಹುಂಡಿ ಕಾಸು ಕೂಡಿಟ್ಟಂತೆ ಮರಳು ಆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಕಾದಾಗ ಫ್ಯಾನು ಹಾಕಿದರೆ ಡ್ರಮ್ಮಿನ ಒಳಅಂಚಿನಲ್ಲಿ ಸುತ್ತಿದ ಪೈಪಿನಿಂದ ಬಿಸಿಗಾಳಿ ಹಪ್ಪಳದ ಕಪಾಟಿಗೆ ಬರಬೇಕು. ಅಗ್ಗದ ಮರಳು, ಹಳೆಯ ಡ್ರಮ್ಮು, ಬಿಟ್ಟಿ ಬಿಸಿಲು.

ಬರಬೇಕಿತ್ತು, ಬರಲಿಲ್ಲ. ನಡುವೆ ಹೀಟರು ಕೆಂಡವಾಗಿ ತಾನಾಗಿಯೇ ಆಫ್ ಆಗುತ್ತಿತ್ತು, ಅಂಚಿನ ಪೈಪಿನಿಂದ ಉಗುರುಬೆಚ್ಚಗಿನ ಗಾಳಿ. ಹೀಟರು ಬದಲಿಸಿದೆ, ಫ್ಯಾನು ಬದಲಿಸಿದೆ, ಹೀಟರು ಮಾರಿದ ಅಂಗಡಿಯವನ ಜೊತೆ ಫೋನಿನಲ್ಲಿ ಜಗಳವಾಡಿದೆ. ಶುಕ್ರವಾರ ಸಂಜೆ ಕೊನೆಗೆ ಡ್ರಮ್ಮಿನ ಮುಚ್ಚಳ ತೆಗೆದು ಅಂಚಿನ ಮರಳಿಗೆ ಕೈ ಹಾಕಿದೆ. ಮರಳು ಸಲೀಸಾಗಿ ಬೆರಳ ಸಂದಿಯಿಂದ ಇಳಿದುಹೋಯಿತು. ಅಂಗೈ ಸ್ವಚ್ಛವಾಗಿತ್ತು. ಮರಳು ತಂದ ದಿನ ಮೊಣಕೈವರೆಗೂ ಧೂಳು ಮೆತ್ತಿಕೊಂಡಿದ್ದು ನೆನಪಾಯಿತು.

"ಈ ಮರಳನ್ನ ಯಾರು ಮುಟ್ಟಿದ್ದು?"

"ಮುಟ್ಟಿದ್ದಲ್ಲ, ಜರಡಿ ಹಿಡ್ದಿದ್ದು," ಎಂದರು ಅಂಜಮ್ಮ. "ತೊಳ್ದು ಒಣಗ್ಸೂ ಇದ್ದೆ. ಹಪ್ಪಳಕ್ಕೆ ಶಾಖ ಕೊಡೋ ಮರಳು ಅಂದ್ರಿ. ಧೂಳು ಸಮೇತ ತುಂಬಕ್ಕಾಗ್ತದಾ?"

"ಜರಡಿಯಿಂದ ಬಿದ್ದ ಸಣ್ಣ ಮರಳು ಎಲ್ಲಿ?"

ಅತ್ತೆ ಕಿಟಕಿಯ ಕಡೆ ಬೆರಳು ತೋರಿಸಿದರು. ಪಕ್ಕದ ಮನೆಯ ನಾಗೇಂದ್ರ ಅವರ ಕಾಂಪೌಂಡ್ ಗೋಡೆ ಹೊಸ ಪ್ಲಾಸ್ಟರಿಂಗ್ ಮಾಡಿಸಿಕೊಂಡು ನುಣ್ಣಗೆ ನಿಂತಿತ್ತು. "ಕೇಳಿದ್ರು, ಕೊಟ್ವಿ."

ನನಗೆ ಕೂಗಾಡಬೇಕೆನಿಸಿತು. ಆದರೆ ಈ ಮನೆಯೊಳಗೆ ಜರಡಿ ಹಿಡಿಯದೆ ಉಪ್ಪು ಕೂಡ ಬರುವುದಿಲ್ಲ. ನಮ್ಮ ಹಪ್ಪಳಕ್ಕೆ ಹೆಸರು ಬಂದಿರುವುದೇ ಅದರಿಂದ. ಹಾಗೆ ಕೆಲಸ ಮಾಡುವವರನ್ನು ಅದೇ ಕೆಲಸಕ್ಕಾಗಿ ಬೈಯುವುದು ಹೇಗೆ? ಕೋಪ ನುಂಗಿಕೊಂಡು ಬಿಡಿಸಿ ಹೇಳಿದೆ.

"ದಪ್ಪ ಕಾಳಿನ ಸಂದೀಲಿ ಸಣ್ಣದು ಕೂತ್ರೆ ತಾನೇ ಬಿಸಿ ಒಂದರಿಂದ ಒಂದಕ್ಕೆ ದಾಟೋದು? ಈಗ ಸಂದೀಲೆಲ್ಲ ಬರೀ ಗಾಳಿ. ಗಾಳಿ ಬಿಸಿನ ದಾಟೋಕೆ ಬಿಡಲ್ಲ, ಸ್ವೆಟರ್ ಇದ್ದ ಹಾಗೆ."

"ಅಲ್ಲಿಗೆ ನಾವು ಹೀಟರಿಗೆ ಸ್ವೆಟರ್ ತೊಡಿಸಿದೀವಿ ಅನ್ನು," ಎಂದರು ಅತ್ತೆ. ಅಂಜಮ್ಮ ನಗಲಿಲ್ಲ. ಸೆರಗಿನ ತುದಿ ಸುತ್ತುತ್ತಾ ನಿಂತಿದ್ದರು.

ಮತ್ತೆ ಸಣ್ಣ ಮರಳು ತಂದು ಸುರಿಯಬಹುದಿತ್ತು. ಆದರೆ ನನಗೆ ಹಟ ಬಂದಿತ್ತು. ಸಂದಿ ತುಂಬುವುದಾದರೆ ಮರಳಿಗಿಂತ ಚೆನ್ನಾಗಿ ಬಿಸಿ ದಾಟಿಸುವುದನ್ನೇ ತುಂಬಬೇಕು. ಶನಿವಾರ ಬೆಳಿಗ್ಗೆ ಹಿಂದಿನ ಬೀದಿಯ ಮುತ್ತುರಾಜರ ಲೇತ್ ವರ್ಕ್‌ಶಾಪಿಗೆ ಹೋದೆ. ಅವರು ಮೊದಲು ತೋರಿಸಿದ, ಲೇತಿನಲ್ಲಿ ಕಡೆದಾಗ ಉದುರಿದ ಉಕ್ಕಿನ ಸುರುಳಿಗಳು ಎಣ್ಣೆಯಲ್ಲಿ ಅದ್ದಿದಂತಿದ್ದವು. ಕಾಯಿಸಿದರೆ ಹೊಗೆ, ಹಪ್ಪಳದ ಮನೆಗೆ ಆಗದು.

"ಎಣ್ಣೆ ಇಲ್ದೆ ಇರೋದು ಬೇಕಣ್ಣ."

"ಹಂಗಾದ್ರೆ ಬೀಡು ಕಬ್ಬಿಣದ ಪುಡಿ ತಗೊಳ್ಳಿ ಮೇಡಂ. ಅದನ್ನ ಎಣ್ಣೆ ಹಾಕ್ದೆ ಒಣಗೇ ಕಡೆಯೋದು," ಎಂದು ಮೂಲೆಯ ಕಪ್ಪು ರಾಶಿ ತೋರಿಸಿದರು.

ಮೂಟೆ ಬಿಚ್ಚಿದ್ದೇ ಅಂಜಮ್ಮ ಜರಡಿಗೆ ಕೈ ಹಾಕಿದರು. "ಹಿಟ್ಟಿನ ಜರಡಿ ಮುಟ್ಟಿದ್ರೆ ನೋಡು," ಎಂದು ಅತ್ತೆ ಅಂಚು ಮುರಿದ ಹಳೆಯದೊಂದನ್ನು ಕೊಟ್ಟರು.

"ಈ ಸಲ ಕೆಳಗೆ ಬಿದ್ದಿದ್ದು ನಮಗೆ, ಮೇಲೆ ಉಳಿದಿದ್ದು ವಾಪಸ್ಸು," ಎಂದೆ.

"ಸೋಮವಾರ ಮಾತ್ರ ನಾನು ಹೋಗೋಳೇ," ಎಂದರು ಅಂಜಮ್ಮ, ಜರಡಿ ಆಡಿಸುತ್ತಲೇ.

ಡ್ರಮ್ಮಿನಿಂದ ಹೊರತೆಗೆದ ಮರಳಿಗೆ ಪುಡಿ ಬೆರೆಸಿ ಸ್ವಲ್ಪಸ್ವಲ್ಪವೇ ತುಂಬಿದೆವು. ಹಿಟ್ಟಿನ ಡಬ್ಬ ಕುಟ್ಟಿ ಕುಟ್ಟಿ ತುಂಬುವಂತೆ, ಪ್ರತಿ ಸಲ ಅತ್ತೆ ಒನಕೆಯಿಂದ ಡ್ರಮ್ಮಿನ ಹೊಟ್ಟೆಗೆ ಬಡಿದರು. ಬಡಿದಷ್ಟೂ ಮರಳು ಕುಸಿಯಿತು, ಮತ್ತೆ ಸುರಿದೆವು. ಭಾನುವಾರ ಬಿಸಿಲು ಬಂದು ಬಂದು ಹೋಯಿತು, ಹೀಟರು ಒಮ್ಮೆಯೂ ತಾನಾಗಿ ಆಫ್ ಆಗಲಿಲ್ಲ. ಸಂಜೆ ಅಂಚಿನ ಪೈಪಿನ ಬಾಯಿಗೆ ಕೈ ಹಿಡಿದು ತಟ್ಟನೆ ಹಿಂದಕ್ಕೆ ತೆಗೆದೆ. ಅಷ್ಟು ಸಂತೋಷವಾಗಿ ನಾನೆಂದೂ ಕೈ ಸುಟ್ಟುಕೊಂಡಿರಲಿಲ್ಲ. ಆಗಲೇ ನಾನೇ ಹಿಟ್ಟು ಕಲಸಿ, ಲಟ್ಟಿಸಿ, ಕಪಾಟಿನಲ್ಲಿಟ್ಟು ಫ್ಯಾನು ಹಾಕಿದೆ.

ಸೋಮವಾರ ಬೆಳಿಗ್ಗೆ ಜಡಿಮಳೆ. ಅಂಜಮ್ಮ ಇಸ್ತ್ರಿ ಸೀರೆಯುಟ್ಟು, ಟಿಫಿನ್ ಡಬ್ಬಿ ಹಿಡಿದು, ಹೋಗಿಬರುತ್ತೇನೆಂದು ಹೇಳಲು ಬಾಗಿಲಲ್ಲಿ ನಿಂತಿದ್ದರು. ನಾನು ಕಪಾಟು ತೆರೆದೆ. ಅವರು ಒಂದು ಹಪ್ಪಳ ತೆಗೆದುಕೊಂಡು ಬೆಳಕಿಗೆ ಹಿಡಿದರು, ಕಿವಿಯ ಹತ್ತಿರ ತಂದು ಮುರಿದರು. ಲಟಕ್ಕೆಂದಿತು. ಚೂರೊಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಈ ಹಿಟ್ಟು ಯಾರು ಕಲಸಿದ್ದು?"

"ನಾನೇ."

"ಉಪ್ಪು ಕಮ್ಮಿ," ಎಂದು ಟಿಫಿನ್ ಡಬ್ಬಿಯನ್ನು ಶೆಲ್ಫಿನ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಕೈ ತೊಳೆಯಲು ಹೋದರು.