ನಾಲ್ಕನೆಯ ಹೆಗಲು

ಸತ್ತವನ ಪೆಟ್ಟಿಗೆಗೆ ನಾಲ್ಕನೆಯ ಹೆಗಲಿರಲಿಲ್ಲ. ಲಿಫ್ಟಿನಲ್ಲಿ ಹಿಡಿಸದೆ ಅದನ್ನು ಮೆಟ್ಟಿಲಿನಲ್ಲೇ ಇಳಿಸುತ್ತಿದ್ದರು. ಮುಂದೆ ಸತ್ತವನ ಅಕ್ಕನ ಗಂಡ ಮತ್ತು ವಾಚ್‌ಮನ್, ಹಿಂದೆ ಆಫೀಸಿನ ಗೆಳೆಯನೊಬ್ಬನೇ. ಈ ಗೆಳೆಯನನ್ನು ಎಲ್ಲರೂ ತೂಕಡಿಕೆ ಎಂದು ಕರೆಯುತ್ತಿದ್ದರು. ಮೊದಲ ತಿರುವಿನಲ್ಲೇ ಪೆಟ್ಟಿಗೆ ವಾಲಿತು. ಕೆಳಗಿನಿಂದ ಆಫೀಸಿನ ಮ್ಯಾನೇಜರ್ ಓಡಿಬಂದು ಹೆಗಲು ಕೊಟ್ಟ.

ಹಿಂದೆಯೇ ಇಳಿಯುತ್ತಿದ್ದ ಅಕ್ಕ ಟೈಲರ್. ಅವಳ ಕಣ್ಣು ನೇರ ಮ್ಯಾನೇಜರನ ಕೋಟಿನತ್ತ ಹೋಯಿತು. ಹೆಗಲೊಳಗೆ ದಪ್ಪ ಪ್ಯಾಡಿತ್ತು. ಭಾರ ಮೂಳೆಗೆ ತಾಗುತ್ತಿರಲಿಲ್ಲ.

"ನನ್ನ ತಮ್ಮ ಬದುಕಿದ್ದಾಗ ಈ ಮೆಟ್ಟಿಲು ಹತ್ತದೋರು ಈಗ ಯಾಕೆ ಬಂದ್ರು?" ತೂಕಡಿಕೆಯ ಕಿವಿಯಲ್ಲಿ ಕೇಳಿದಳು.

"ಸಹಿ ಬೇಕಂತೆ ಅಕ್ಕಾ. ನಿಮ್ಮದು."

"ನಂದಾ?"

"ಅವನಿಗೆ ಹೆಂಡ್ತಿಯಿಲ್ಲ, ಮಕ್ಕಳಿಲ್ಲ, ಅಪ್ಪ ಅಮ್ಮನೂ ಇಲ್ಲ. ಅವನು ಬರೆದ ಪ್ರೋಗ್ರಾಮೆಲ್ಲ ಈಗ ನಿಮ್ಮದೇ ಅಲ್ವಾ."

ಮುಂದಿನಿಂದ ಗಂಡ ತಿರುಗದೆಯೇ ಅಂದ, "ಹಾಕಿಬಿಡೇ. ಅವರ ಕಾರು ಓಡಿಸಿ ನಾವು ಅನ್ನ ತಿಂತಿರೋದು."

*

ಹಿಂದೊಮ್ಮೆ ಆಫೀಸಿನ ಸರ್ವರ್‌ಗಳಿಗೆ ಒಂದು ಕಂಪೈಲರ್ ಬೇಕಿತ್ತು: ಪ್ರೋಗ್ರಾಮು ಓಡುತ್ತಿರುವಾಗಲೇ ಅದನ್ನು ಯಂತ್ರದ ಭಾಷೆಗೆ ತಿರುಗಿಸುವಂಥದ್ದು. ಎರಡಿದ್ದವು. ಒಂದು ದೊಡ್ಡ ಕಂಪನಿಯದು. ವೇಗ ಹೆಚ್ಚು, ಪುಕ್ಕಟೆ. ಷರತ್ತು ಬದಲಿಸುವ ಹಕ್ಕು ಮಾತ್ರ ಅವರದೇ. ಇನ್ನೊಂದು ನಿಧಾನದ್ದು, ಮುಕ್ತ ಲೈಸೆನ್ಸಿನದು. ಯಾರು ಬೇಕಾದರೂ ತಿದ್ದಬಹುದು. ತಿದ್ದಿ ಹಂಚಿದರೆ ತಿದ್ದಿದ್ದನ್ನೂ ತೆರೆದಿಡಬೇಕು.

ಅಕ್ಕನ ತಮ್ಮ ನಿಧಾನದ್ದನ್ನು ಆರಿಸಿದ.

"ಕುಂಟು ಕುದುರೆ ಯಾಕಪ್ಪಾ?" ಎಂದ ಮ್ಯಾನೇಜರ್. "ಅದರಲ್ಲಿ ನಿನ್ನ ಪಾಲೇನಾದ್ರೂ ಇದೆಯಾ?"

"ಇವತ್ತು ಪುಕ್ಕಟೆ ಕೊಡೋರು ನಾಳೆ ಕುತ್ತಿಗೆ ಹಿಡೀತಾರೆ ಸಾರ್. ಕುಂಟೋದನ್ನ ನಾನು ಸರಿ ಮಾಡ್ತೀನಿ."

ರಜೆಗಳಲ್ಲಿ, ತನ್ನದೇ ಹಳೆಯ ಕಂಪ್ಯೂಟರಿನಲ್ಲಿ, ಸರಿ ಮಾಡಿಯೂ ಮಾಡಿದ. ಕುಂಟು ಕುದುರೆ ಮುಂದೆ ಓಡಿತು. ಆಗ ಆಫೀಸಿಗೆ ಅದನ್ನು ಮುಚ್ಚಿ ಮಾರುವ ಆಸೆ ಹುಟ್ಟಿತು. ಮುಕ್ತ ಲೈಸೆನ್ಸು ಬದಲಿಸಲು ಅದನ್ನು ಬರೆದವರೆಲ್ಲ ಒಪ್ಪಬೇಕಿತ್ತು. ಉಳಿದವರು ಒಪ್ಪಿದರು. ಇವನೊಬ್ಬ ಒಪ್ಪಲಿಲ್ಲ.

ಅಕ್ಕನಿಗೂ ಅವನ ಮೇಲೆ ಅನುಮಾನವೇ. "ಬಿಟ್ಟಿ ಕೊಡ್ತಾನಂತೆ! ಎಲ್ಲಿ ಕಿತ್ಕೋತಿದ್ದೀಯೋ ನೀನು?"

ಅವನು ನಕ್ಕಿದ್ದ. "ನಂಬಬೇಡ ಅಕ್ಕಾ. ಯಾರನ್ನೂ ನಂಬದೆ ಇರೋರಿಗೇ ಈ ಲೈಸೆನ್ಸು."

*

ಮೊದಲ ಮಹಡಿಯಲ್ಲಿ ಪೆಟ್ಟಿಗೆ ಇಳಿಸಿ ಉಸಿರು ಬಿಟ್ಟರು. ಮ್ಯಾನೇಜರ್ ಜೇಬಿನಿಂದ ಕಾಗದ, ಪೆನ್ನು ತೆಗೆದ.

"ಇವತ್ತೇ ಅಂತೇನಿಲ್ಲಮ್ಮಾ..."

"ಹಾಗಿದ್ರೆ ಪೆನ್ನು ಯಾಕೆ ತೆಗೆದ್ರಿ?"

"ಅವನ ಹೆಸರು ಉಳಿಯುತ್ತೆ ಅಂತ."

"ನಿಮ್ಮತ್ರ ಅವನು ಏನಂದಿದ್ದ?"

ಮ್ಯಾನೇಜರ್ ಗೋಡೆ ನೋಡಿದ. "ಬೇಡ ಅಂದಿದ್ದ."

"ಬಾಯಿ ಇದ್ದಾಗ ಹೇಳಿದ್ದು ಕೇಳಿಸಲಿಲ್ಲ. ಈಗ ನನ್ನ ಬಾಯಲ್ಲಿ ಬೇರೆ ಹೇಳಿಸ್ತೀರಾ? ಪಕ್ಕಕ್ಕೆ ಸರೀರಿ. ನಿಮ್ಮ ಹೆಗಲು ಬೇಡ."

ಅವನು ಪೆನ್ನಿಗೆ ಮುಚ್ಚಳ ಹಾಕಿ ಅವಳ ಗಂಡನತ್ತ ಕೈ ಚಾಚಿದ. "ಕಾರಿನ ಕೀ ಕೊಡು. ನಾಳೆಯಿಂದ ಬರೋದು ಬೇಡ."

ಗಂಡ ಕೊಟ್ಟ. ಹೆಂಡತಿಯ ಮುಖ ನೋಡಲಿಲ್ಲ.

ಅಕ್ಕ ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟಳು. ಅವಳು ಗಿಡ್ಡ. ಪೆಟ್ಟಿಗೆ ಅವಳ ಕಡೆಗೇ ವಾಲಿತು. ಒಳಗೆ ತಮ್ಮನ ತಲೆ ಜಾರಿ ಹಲಗೆಗೆ ತಾಗಿದ ಸದ್ದು ಅವಳ ಕಿವಿಯ ಪಕ್ಕದಲ್ಲೇ ಕೇಳಿತು.

ಅವತ್ತು ಹೋದದ್ದು ಇಷ್ಟು: ಒಬ್ಬ ತಮ್ಮ, ಒಂದು ಕೆಲಸ.