ಉಗ್ರಾಣದ ಮುದ್ರೆ

ನಾಲೆ ಕಚೇರಿಯ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇತ್ತು. ಅಣೆಕಟ್ಟಿನಿಂದ ಕೊನೆಯ ಹೊಲದವರೆಗೆ ನಾಲೆಯುದ್ದಕ್ಕೂ ತೂಬಿನ ಮನೆಗಳು. ಒಂದೊಂದರಲ್ಲೂ ಒಂದು ಪುಟ್ಟ ಕಂಪ್ಯೂಟರ್. ತೂಬಿನ ಬಾಗಿಲು ಎತ್ತುವುದು, ಇಳಿಸುವುದು ಅದರ ಕೆಲಸ. ಅವಕ್ಕೆ ಹೊರಗಿನ ಇಂಟರ್ನೆಟ್ ಕೊಟ್ಟಿರಲಿಲ್ಲ. ಬೇಕಾದ ಸಾಫ್ಟ್‌ವೇರ್ ಮೊದಲು ಕಚೇರಿಯ ಸರ್ವರ್‌ಗೆ ಬಂದು, ಅಲ್ಲಿಂದ ಹಂಚಿಕೆಯಾಗಬೇಕು. ಹಾಗೆ ತಂದು ಕೂಡಿಡುವ ರೆಪಾಸಿಟರಿಯನ್ನು ಕಚೇರಿಯವರೆಲ್ಲ ಉಗ್ರಾಣ ಎನ್ನುತ್ತಿದ್ದರು. ಅದನ್ನು ನೋಡಿಕೊಳ್ಳುವವರನ್ನು ಉಗ್ರಾಣದ ಯಜಮಾನರು ಎನ್ನುತ್ತಿದ್ದರು. ಅವರ ಮಗಳಿಗೂ ಅದೇ ಕೋಣೆಯಲ್ಲಿ, ಅವರ ಕೈಕೆಳಗೇ ಕೆಲಸ. ಮನೆಯಲ್ಲಿ ಅಪ್ಪ, ಕಚೇರಿಯಲ್ಲಿ ಸರ್. ಒಮ್ಮೊಮ್ಮೆ ಮರೆತು ಊಟಕ್ಕೆ ಬಡಿಸುವಾಗ "ಸರ್, ಇನ್ನು ಸ್ವಲ್ಪ?" ಎಂದು ಕೇಳಿ ಅಮ್ಮನನ್ನು ನಗಿಸಿದ್ದೂ ಉಂಟು.

ಚಳಿ ಮುಗಿಯುವ ಹೊತ್ತಿಗೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಹೋಯಿತು. ಅಮ್ಮ ಅವರ ಕಚೇರಿಯ ಅಂಗಿಯನ್ನು ಒಗೆದು ಇಸ್ತ್ರಿ ಮಾಡಿ ಗೂಟಕ್ಕೆ ತೂಗುಹಾಕಿದಳು. ಧೂಳು ಕೂತಾಗಲೆಲ್ಲ ಮತ್ತೆ ಒಗೆದಳು. "ಎದ್ದು ಹೊರಟ ದಿನ ಹುಡುಕೋ ಹಾಗಾಗಬಾರದು" ಎನ್ನುತ್ತಿದ್ದಳು.

ನಾಲೆಗೆ ನೀರು ಬಿಡುವ ದಿನ ಹತ್ತಿರ ಬಂದಾಗ ತೂಬಿನ ಸಾಫ್ಟ್‌ವೇರ್ ತಯಾರಿಸಿದವರಿಂದ ಒಂದು ಎಚ್ಚರಿಕೆ ಬಂತು: ಬಾಗಿಲು ಅರ್ಧ ಇಳಿದು ನಿಂತುಬಿಡಬಹುದು, ತಿದ್ದುಪಡಿ ಹಾಕಿಕೊಳ್ಳಿ. ಮಗಳು ತರಿಸಲು ಹೋದರೆ ಸರ್ವರ್ ಒಪ್ಪಲಿಲ್ಲ. ಸಾಫ್ಟ್‌ವೇರಿನ ಚಂದಾ ಮುಗಿದಿದೆ ಎಂದಿತು.

"ಮೊನ್ನೆ ತಾನೆ ಕಟ್ಟಿದೀವಲ್ಲಮ್ಮ?" ಎಂದರು ಕಚೇರಿಯ ದೊಡ್ಡ ಎಂಜಿನಿಯರು.

"ಕಟ್ಟಿದ್ದು ಇದಕ್ಕೆ ತಿಳಿದಿಲ್ಲ ಸರ್. ಹಳೇ ಚಂದಾದ ಪ್ರಮಾಣಪತ್ರಾನೇ ತಬ್ಬಿಕೊಂಡು ಕೂತಿದೆ."

ಅವಳು ಅಪ್ಪ ಕಲಿಸಿದ ಹಾಗೆ ಒಂದೊಂದೇ ಬಿಡಿಸುತ್ತ ಬಂದಳು. ಗಡಿಯಾರ ಸರಿಯಿದೆಯೇ ನೋಡಿದಳು. ಸರ್ವರ್‌ನ ಹಳೆಯ ನೋಂದಣಿ ಬಿಡಿಸಿ, ಹೊಸದಾಗಿ ನೋಂದಾಯಿಸಿದಳು. ಹಳಸಿದ ಪಟ್ಟಿಗಳನ್ನು ಅಳಿಸಿ, ಮುಚ್ಚಿಹೋಗಿದ್ದ ಉಗ್ರಾಣವನ್ನು ತೆರೆದಳು. ಮಧ್ಯಾಹ್ನದ ಹೊತ್ತಿಗೆ ತಿದ್ದುಪಡಿ ಬಂದಿಳಿಯಿತು. ಎಂಜಿನಿಯರು ಚಹಾ ತರಿಸಿದರು. ಆದರೆ ಮೊದಲನೇ ತೂಬಿಗೆ ಕಳಿಸಿದ್ದೇ ತಡ, ಅದು ತಿರಸ್ಕರಿಸಿತು: ಮುದ್ರೆಯಿಲ್ಲ.

ಅವಳ ಚಹಾ ಆರಿತು. ಇದು ಬರುತ್ತದೆಂದು ಅವಳಿಗೆ ಒಳಗೊಳಗೇ ಗೊತ್ತಿತ್ತು.

ಹಿಂದೊಮ್ಮೆ ಪರೀಕ್ಷಿಸದೆ ಹಾಕಿದ ತಿದ್ದುಪಡಿಯೊಂದು ತೂಬನ್ನು ತೆರೆದಿಟ್ಟೇ ನಿಲ್ಲಿಸಿ, ಕೆಳಗಿನ ಕೇರಿಯ ಮನೆಗಳಿಗೆ ನೀರು ನುಗ್ಗಿಸಿತ್ತು. ಅಂದಿನಿಂದ ಯಜಮಾನರು ಒಂದು ಕಟ್ಟಳೆ ಮಾಡಿದ್ದರು. ಏನೇ ಬರಲಿ, ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಹಾಕಿ ನೋಡಿ, ಆಮೇಲೆ ತಾವೇ ಡಿಜಿಟಲ್ ಮುದ್ರೆ ಒತ್ತುವುದು. ತೂಬಿನ ಮನೆಗಳು ಆ ಒಂದು ಮುದ್ರೆಯನ್ನಷ್ಟೇ ನಂಬುತ್ತಿದ್ದವು. ಮುದ್ರೆ ಒತ್ತಲು ಒಂದು ಗುಟ್ಟಿನ ಮಾತು ಟೈಪ್ ಮಾಡಬೇಕು. ಅದನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ.

"ಒಂದು ಸಾಲು ಬದಲಿಸಿದ್ರೆ ಆಯ್ತಲ್ಲ? ಮುದ್ರೆ ನೋಡಬೇಡ ಅಂತ ಬರಿ" ಎಂದರು ಎಂಜಿನಿಯರು. ಕೆಟ್ಟವರಲ್ಲ; ಕೊನೇ ಹೊಲದವರು ಬೆಳಗಿನಿಂದ ಅವರ ಬಾಗಿಲಲ್ಲಿ ನಿಂತಿದ್ದರು. "ನಿಮ್ಮಪ್ಪ ಬಂದಮೇಲೆ ಮತ್ತೆ ಮೊದಲಿನ ಹಾಗೆ ಮಾಡ್ಕೊಳ್ಳಲಿ."

ಬಂದಮೇಲೆ ಎಂಬ ಮಾತು ಅವಳಿಗೆ ಎದೆಯಲ್ಲಿ ಸಿಕ್ಕಿಕೊಂಡಿತು. "ಮನೆಗೆ ಹೋಗಿ ಬರ್ತೀನಿ ಸರ್" ಎಂದು ಎದ್ದಳು.

ಅಪ್ಪನನ್ನು ಹಾಸಿಗೆಯ ಮೇಲೆ ದಿಂಬಿಗೆ ಒರಗಿಸಿ, ಅವರ ಮುಂದೆ ಲ್ಯಾಪ್‌ಟಾಪ್ ಇಟ್ಟಳು. ವಿಷಯ ಹೇಳಿದಳು. ಅವರಿಗೆ ಎಲ್ಲ ಅರ್ಥವಾಯಿತು. ಎಡಗೈ ಕೀಲಿಗಳ ಮೇಲೆ ಬಂತು. ಬೆರಳು ಎರಡು ಸಲ ಸರಸರ ಒತ್ತಿ, ನಿಂತಿತು. ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅಳಿಸಿ ಮೊದಲಿನಿಂದ ಒತ್ತಿದರು. ಅಲ್ಲೇ ನಿಂತಿತು. ಆ ಮಾತು ಅವರ ತಲೆಯಲ್ಲಿರಲಿಲ್ಲ, ವರ್ಷಗಟ್ಟಲೆ ಒತ್ತಿ ಒತ್ತಿ ಕೈಗೆ ಇಳಿದಿತ್ತು. ಅದರಲ್ಲಿ ಅರ್ಧ, ಸತ್ತ ಕೈಯಲ್ಲಿ ಉಳಿದುಹೋಗಿತ್ತು.

ಅವಳು ಪಕ್ಕದಲ್ಲಿ ಕೂತು ತನ್ನ ಬಲಗೈಯನ್ನು ಅವರ ಬಲಗೈ ಇರಬೇಕಾದ ಕಡೆ ಇಟ್ಟಳು. ಅವರು ಎಡಗಡೆ ಒತ್ತಿದರು, ಅವಳು ಬಲಗಡೆ ಊಹಿಸಿದಳು. ತಪ್ಪು. ಮತ್ತೆ ತಪ್ಪು. ಕೊನೆಗೆ ಯಜಮಾನರು ಕೈ ಹಿಂದೆಗೆದುಕೊಂಡರು.

"ಎಂಜಿನಿಯರು ಮುದ್ರೆ ನೋಡೋದನ್ನೇ ತೆಗೆದುಬಿಡು ಅಂತಾರಪ್ಪ."

ಅವರ ಗಂಟಲಿನಿಂದ ಒಂದು ಒರಟು ಸದ್ದು ಹೊರಟಿತು. ಎಡಗೈಯಿಂದ ಹಾಸಿಗೆಯನ್ನು ಗುದ್ದಿದರು.

"ಗೊತ್ತು. ತೆಗೆಯೊಲ್ಲ. ಇನ್ನೊಂದು ದಾರಿ ಇದೆ. ಹೊಸ ಮುದ್ರೆ ಮಾಡಿ, ತೂಬು ತೂಬಿಗೂ ಹೋಗಿ ಪರಿಚಯ ಮಾಡಿಸಬೇಕು. ನಿಮ್ದನ್ನ... ತೆಗೆದುಹಾಕಬೇಕು."

ಬಾಗಿಲಲ್ಲಿ ನಿಂತಿದ್ದ ಅಮ್ಮ ಸಿಡುಕಿದಳು. "ತೆಗೆದುಹಾಕೋದು ಅಂದ್ರೇನೇ? ನಾಳೆ ಇವರು ಕಚೇರಿಗೆ ಹೋದಾಗ ಏನು ಮಾಡಬೇಕು? ಬಾಗಿಲು ಕಾಯಬೇಕಾ?"

ಮಗಳು ಕಣ್ಣೆತ್ತದೆ ಹೊಸ ಮುದ್ರೆಯ ಕೆಲಸ ಶುರು ಮಾಡಿದಳು. ಮುದ್ರೆಯ ಒಡೆಯರು ಯಾರು ಎಂದು ಕೇಳಿದ ಜಾಗದಲ್ಲಿ, ಅಮ್ಮನ ಮುಖ ನೋಡಿ, ಅಪ್ಪನ ಹೆಸರನ್ನೇ ಹಾಕಿದಳು.

ಯಜಮಾನರ ಎಡಗೈ ಮೈ ದಾಟಿ ಬಂತು. ಕೀಲಿಮಣೆಯ ಬಲ ಮೂಲೆಯ ಅಳಿಸುವ ಕೀಲಿಯನ್ನು ಹುಡುಕಿ, ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಮಗಳ ಮಣಿಕಟ್ಟು ಹಿಡಿದು ಕೀಲಿಗಳ ಮೇಲಿಟ್ಟರು.

ಅವಳು ತನ್ನ ಹೆಸರು ಹಾಕಿದಳು. ಮುಂದೆ ಯಂತ್ರ ಗುಟ್ಟಿನ ಮಾತು ಕೇಳಿತು. ಆಗ ಯಜಮಾನರು ಕಷ್ಟಪಟ್ಟು ಕತ್ತು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿದರು. ಗುಟ್ಟು ಒತ್ತುವಾಗ ಪಕ್ಕದವರು ನೋಡಬಾರದು. ಇಷ್ಟು ವರ್ಷ ಅವರು ಒತ್ತುವಾಗ ಮುಖ ತಿರುಗಿಸುತ್ತಿದ್ದವಳು ಅವಳು.

ಅಮ್ಮ ಅದನ್ನು ನೋಡಿದಳು. ಒಳಗೆ ಹೋದಳು.

ಎಂಜಿನಿಯರು ಗೊಣಗುತ್ತಲೇ ನೀರು ಬಿಡುವುದನ್ನು ಮುಂದಕ್ಕೆ ಹಾಕಿ ಜೀಪು ಕೊಟ್ಟರು. ಮೂಲೆಯ ಕಂಪ್ಯೂಟರಿನಲ್ಲಿ ತಿದ್ದುಪಡಿಯನ್ನು ಹಾಕಿ ನೋಡಿ, ಹೊಸ ಮುದ್ರೆ ಒತ್ತಿ, ಅವಳು ಒಣ ನಾಲೆಯ ಏರಿಯ ಮೇಲೆ ತೂಬಿನಿಂದ ತೂಬಿಗೆ ಹೋದಳು. ಕೊನೆಯ ತೂಬಿನಲ್ಲಿ ನೀರಗಂಟಿ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದ.

"ಯಜಮಾನರು ಬರಲಿಲ್ವೇನವ್ವ? ಅವರಾಗಿದ್ರೆ ಮೊದಲು, ತೂಬಿನ ಬಾಗಿಲಿಗೆ ಎಣ್ಣೆ ಹಾಕಿದೀಯೇನೋ ಸೋಮಾರಿ ಅಂತ ಬೈದೇ ಒಳಗೆ ಬರೋರು."

"ಹಾಕಿದೀಯಾ?"

"ಹಾಕಿದೀನಿ."

"ಹಾಗಾದ್ರೆ ಬೈಯೋದು ಉಳೀತು. ಅವರು ಇನ್ನು ಬರಲ್ಲ ಅಣ್ಣ. ನಾನೇ ಬರ್ತೀನಿ."

ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನೀರಗಂಟಿ ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹೊಸ ಮುದ್ರೆಯನ್ನು ಯಂತ್ರ ಒಪ್ಪಿತು. ಹಳೆಯದನ್ನು ತೆಗೆಯಲೇ ಎಂದು ಕೇಳಿತು. ಅವಳು ಅದರ ಮೇಲಿದ್ದ ಅಪ್ಪನ ಹೆಸರನ್ನು ನೋಡಿ, ಹೌದು ಎಂದು ಒತ್ತಿದಳು. ತಿದ್ದುಪಡಿ ಇಳಿಯಿತು. ಬಾಗಿಲನ್ನು ಎತ್ತಿಸಿ, ಇಳಿಸಿ ನೋಡಿದಳು.

"ತಳಕ್ಕೆ ಕೂತಿದೆ!" ಎಂದು ಹೊರಗಿನಿಂದ ಕೂಗಿದ ನೀರಗಂಟಿ.

ಅವಳು ಮನೆಗೆ ಫೋನ್ ಮಾಡಿದಳು. "ಎಲ್ಲ ಮುಗೀತು ಅಂತ ಅಪ್ಪನಿಗೆ ಹೇಳಮ್ಮ."

"ಹೇಳ್ತೀನಿ." ಅಮ್ಮ ಅಷ್ಟಕ್ಕೇ ಫೋನ್ ಇಡಲಿಲ್ಲ. "ಆ ಕಚೇರಿ ಅಂಗಿ ಗೂಟದಿಂದ ತೆಗೆದೆ ಕಣೇ. ಬೆಳಗ್ಗೆ ಅವರಿಗೆ ಹಾಕಿದೆ. ಮನೇಲಿ ಹಾಕ್ಕೊಳ್ಳೋಕೆ ಚೆನ್ನಾಗೇ ಇದೆ."