ಪಿಸುಮಾತಿನ ಸಭೆ

ಹೆಸ್ಟೋಯಾ ದ್ವೀಪದಲ್ಲಿ ಆ ಮೇ ತಿಂಗಳಲ್ಲಿ ನನಗೆ ಸಿಕ್ಕಿದ್ದು ಹನ್ನೊಂದು ಗೂಡು. ನಾಲ್ಕು ವರ್ಷದ ಹಿಂದೆ ಅಲ್ಲಿ ನೂರ ನಲವತ್ತು ಈಡರ್ ಎಂಬ ಕಡಲಬಾತುಗಳು ಮೊಟ್ಟೆಯ ಮೇಲೆ ಕೂತಿದ್ದವು. ಜನ ಕಲ್ಲು, ಹಲಗೆ ಜೋಡಿಸಿ ಕಟ್ಟಿಕೊಟ್ಟಿದ್ದ ಹಕ್ಕಿಮನೆಗಳ ಸೂರು ಈಗ ಕುಸಿದಿತ್ತು. ಒಳಗೆ ಹಾಸಿದ್ದ ಕಡಲಪಾಚಿ ಕೊಳೆತು ನೀರು ಬಸಿಯುತ್ತಿತ್ತು. ಒಡೆದ ಚಿಪ್ಪುಗಳ ಸುತ್ತ ನೀರುನಾಯಿಯ ಹೆಜ್ಜೆಗಳಿದ್ದವು.

ಈ ದ್ವೀಪಕ್ಕೆ ಯಾರೂ ಕಾಲಿಡಬಾರದೆಂದು ಸಲಹೆ ಕೊಟ್ಟವಳು ನಾನೇ. ಆಗಷ್ಟೇ ಓದು ಮುಗಿಸಿ ಊರಿಗೆ ಬಂದಿದ್ದೆ. ಮನುಷ್ಯ ದೂರ ಸರಿದರೆ ಹಕ್ಕಿಗೆ ನೆಮ್ಮದಿ ಎಂದು ಮೂವತ್ತು ಪುಟ ಬರೆದಿದ್ದೆ. ಅದೇ ವರದಿಯನ್ನು ಹಿಡಿದು ಸಂರಕ್ಷಣಾ ಕಚೇರಿ ಈಗ ಪಕ್ಕದ ಲಿಂಗ್‌ಹೋಲ್ಮ್ ದ್ವೀಪವನ್ನೂ ಜನರಿಗೆ ಮುಚ್ಚಲು ಹೊರಟಿತ್ತು. ಮುಚ್ಚಿದರೆ ಆಸ್ಲೌಗ್ ಅಲ್ಲಿಂದ ಹೋಗಬೇಕು. ಎಪ್ಪತ್ತೊಂದು ವರ್ಷದ ಆಕೆ ನಲವತ್ತು ವಸಂತಗಳಿಂದ ಅಲ್ಲೇ ಇದ್ದು ಹಕ್ಕಿ ಕಾಯುತ್ತಿದ್ದಳು.

ಮಧ್ಯಾಹ್ನ ಲಿಂಗ್‌ಹೋಲ್ಮ್‌ಗೆ ಹೋದೆ. ನೂರ ಇಪ್ಪತ್ತಾರು ಗೂಡುಗಳಿದ್ದವು. ಆಸ್ಲೌಗ್ ಗುಡಿಸಲ ಹೊಸ್ತಿಲಲ್ಲಿ ಕಾಫಿ ಕೊಟ್ಟಳು. ಏಪ್ರಿಲ್‌ನಿಂದ ಜೂನ್‌ವರೆಗೆ ಆ ದ್ವೀಪದಲ್ಲಿ ಯಾರೂ ದನಿ ಎತ್ತುವುದಿಲ್ಲ. ಹೆಸ್ಟೋಯಾದ ಲೆಕ್ಕವನ್ನು ಪಿಸುಗುಟ್ಟಿದೆ.

"ಹನ್ನೊಂದಾ?" ಎಂದಳು. ನನ್ನ ಲೋಟಕ್ಕೆ ಮತ್ತೆ ಕಾಫಿ ಸುರಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಹೆಸ್ಟೋಯಾ ಮುಚ್ಚೋ ಮುಂಚೆ ನಡೆದ ಅಹವಾಲು ಸಭೆಗೆ ನೀವು ಯಾರೂ ಯಾಕೆ ಬರ್ಲಿಲ್ಲ, ಆಸ್ಲೌಗ್? ಬಂದು ಬೇಡ ಅಂದಿದ್ರೆ..."

"ಸಭೆ ಯಾವ ತಿಂಗಳಲ್ಲಿತ್ತು?"

"ಮೇ."

"ಮೇನಲ್ಲಿ ಕಾವಿಗೆ ಕೂತ ಹಕ್ಕಿ ಬಿಟ್ಟು ಭಾಷಣ ಕೇಳೋಕೆ ಬರ್ತೀವಾ? ಇದೇ ಕರಾವಳೀಲಿ ಹುಟ್ಟಿದೋಳಲ್ವೇನೇ ನೀನು, ಮಾರಿತ್?"

ಆ ಸಭೆಯ ಖಾಲಿ ಕುರ್ಚಿಗಳು ನನಗೆ ನೆನಪಿದ್ದವು. ಆಕ್ಷೇಪಣೆ ಇಲ್ಲ ಎಂದು ಬರೆದುಕೊಂಡಿದ್ದೆವು. ನನ್ನ ಅಜ್ಜಿಯೂ ಹಕ್ಕಿ ಕಾಯುತ್ತಿದ್ದವಳು. ಮೇ ತಿಂಗಳಲ್ಲಿ ಆಕೆ ಒಂದು ಮದುವೆಗೂ ಹೋದದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಕಚೇರಿಗೆ ಪತ್ರ ಬರೆದೆ. ನನ್ನ ವರದಿ ತಪ್ಪು, ಈ ಸಲದ ಸಭೆ ಲಿಂಗ್‌ಹೋಲ್ಮ್‌ನಲ್ಲೇ ಆಗಬೇಕು ಎಂದು ಕೇಳಿದೆ. ಒಪ್ಪುತ್ತಾರೆಂಬ ನಂಬಿಕೆ ಇರಲಿಲ್ಲ. ಒಪ್ಪಿದರು.

ವಾರದ ನಂತರ ಕಚೇರಿಯ ಮುಖ್ಯಸ್ಥ ಹಾಲ್ವರ್ಡ್ ಇಬ್ಬರನ್ನು ಕರೆದುಕೊಂಡು ದೋಣಿ ಇಳಿದ. ಮೂವರ ಮೈಮೇಲೂ ಕಿತ್ತಳೆ ಬಣ್ಣದ ಜಾಕೆಟ್.

"ಅದನ್ನ ಬಿಚ್ಚು," ಆಸ್ಲೌಗ್ ಪಿಸುಗುಟ್ಟಿದಳು. "ಹಕ್ಕಿಗಳಿಗೆ ನನ್ನ ಬಟ್ಟೆ ಗೊತ್ತು. ನಿನ್ನದು ನೋಡಿದ್ರೆ ಮೊಟ್ಟೆ ಬಿಟ್ಟು ಹಾರ್ತವೆ."

ಮೂವರಿಗೂ ತನ್ನ ಹಳೆಯ ಕಂದು ಕೋಟುಗಳನ್ನು ಕೊಟ್ಟಳು. ಹಾಲ್ವರ್ಡ್‌ನ ಕೋಟಿನ ತೋಳು ಮೊಣಕೈಗೇ ನಿಂತಿತು.

"ಮೀನಿನ ವಾಸನೆ," ಎಂದ ಹಾಲ್ವರ್ಡ್.

"ನಿನ್ನ ಸೆಂಟಿಗಿಂತ ವಾಸಿ."

ಹುಲ್ಲಿನ ಮೇಲೆ ವೃತ್ತವಾಗಿ ಕೂತೆವು. ಮೂರು ಮಾರು ಆಚೆ ಒಂದು ಬಾತು ಕಣ್ಣು ಮಿಟುಕಿಸದೆ ನಮ್ಮನ್ನೇ ನೋಡುತ್ತಿತ್ತು. ನಾನು ಎರಡೂ ದ್ವೀಪಗಳ ಎಣಿಕೆ ಹೇಳಿದೆ. ನಾವು ಹೊರಗಿಟ್ಟದ್ದು ಮನುಷ್ಯರನ್ನಷ್ಟೇ ಎಂದುಕೊಂಡಿದ್ದೆವು. ಅವರ ಜೊತೆಗೆ ಒಣಗಿದ ಪಾಚಿ, ಗಟ್ಟಿ ಸೂರು, ನೀರುನಾಯಿಯನ್ನು ದೂರ ಇಡುತ್ತಿದ್ದ ಓಡಾಟ ಎಲ್ಲವೂ ಹೋಗಿದ್ದವು.

"ಎರಡೇ ದ್ವೀಪ ನೋಡಿ ತೀರ್ಮಾನ ಮಾಡೋಕಾಗುತ್ತಾ?" ಹಾಲ್ವರ್ಡ್ ಕೇಳಿದ.

"ಆಗಲ್ಲ. ಆದ್ರೆ ಹೋದ್ಸಲ ನಾನು ಒಂದನ್ನೂ ಸರಿಯಾಗಿ ನೋಡದೇ ಮಾಡ್ದೆ. ಹೆಸ್ಟೋಯಾ ತೆರಿ. ಹಕ್ಕಿಮನೆ ರಿಪೇರಿ ಮಾಡಿ, ಕಾದು, ಮತ್ತೆ ಎಣಿಸೋಣ. ಇದನ್ನ ಮಾತ್ರ ಮುಚ್ಚಬೇಡ."

ಅವನು ಆಸ್ಲೌಗ್ ಕಡೆ ತಿರುಗಿದ. "ನಿನಗೆ ಇದರಿಂದ ಏನು ಸಿಗುತ್ತೆ? ವರದೀಲಿ ಅದನ್ನೂ ಬರೀಬೇಕು."

ಆಕೆ ಎದ್ದು ಆ ಬಾತಿನ ಬಳಿ ಮಂಡಿಯೂರಿ, ಅದರ ಎದೆಯಡಿ ಕೈ ತೂರಿಸಿದಳು. ಹಕ್ಕಿ ಕದಲಲಿಲ್ಲ. ಕೈ ಹೊರತೆಗೆದು ಆಕೆ ಐದು ಬೆರಳು ಬಿಡಿಸಿ ತೋರಿಸಿದಳು. ಐದು ಮೊಟ್ಟೆ. ಆಕೆಯ ಮುಖದಲ್ಲಿದ್ದ ಹೆಮ್ಮೆಯನ್ನು ಬರೆಯಲು ನನ್ನ ಹಳೆಯ ವರದಿಯಲ್ಲಿ ಜಾಗವೇ ಇರಲಿಲ್ಲ.

ಹಾಲ್ವರ್ಡ್ ಮಡಚಿಟ್ಟಿದ್ದ ಮುಚ್ಚುವ ಆದೇಶದ ಕರಡನ್ನು ಬಿಡಿಸಿ, ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದ. ಜೊತೆಯವರಿಬ್ಬರೂ ತಲೆಯಾಡಿಸಿದರು.

"ಹೆಸ್ಟೋಯಾಗೆ ಜನ ಬೇಕಲ್ಲ. ಯಾರಿದ್ದಾರೆ?" ಎಂದ ಹಾಲ್ವರ್ಡ್.

"ಇವಳು," ಆಸ್ಲೌಗ್ ನನ್ನತ್ತ ಗದ್ದ ಎತ್ತಿ ತೋರಿಸಿದಳು. "ಕೆಡಿಸಿದ್ದು ಇವಳೇ. ಆದ್ರೆ ಬಂದು ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿದ್ಲು ನೋಡು. ನಮ್ಮ ಹುಡುಗಿ."

ನಲವತ್ತು ವರ್ಷ ಹಕ್ಕಿಗಳ ಜೊತೆ ಬಾಳಿದವಳು ಮನುಷ್ಯರನ್ನು ಹೊಗಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೂಗಿ ಇಡೀ ಕಡಲಿಗೆ ಹೇಳಬೇಕೆನಿಸಿತು, ಆದರೆ ಹಕ್ಕಿಗಳು ಕಾವಿಗೆ ಕೂತಿದ್ದವು. ಹೆಸ್ಟೋಯಾದಲ್ಲಿ ರಿಪೇರಿಯಾಗಬೇಕಾದ ಸೂರುಗಳನ್ನು ಬೆರಳಲ್ಲಿ ಎಣಿಸತೊಡಗಿದೆ.